ಪಿಕಪ್ಪಿನ ಗಾಲಿಯ ವಿಚಾರ

ಈ ತಲೆಬರಹವನ್ನು ಕಂಡು ಸಹಪಾಠಿ ಮಿತ್ರರು ನಗಬಹುದು, ಪೂಜ್ಯ ಅಧ್ಯಾಪಕರು ಹುಬ್ಬೇರಿಸಬಹುದು. ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಾರ್ಷಿಕ ಸಂಚಿಕೆಗೆ ಬರೆಯುವುದಾದರೆ ಹರಿಹರನ ರಗಳೆಯನ್ನು ಕುರಿತೋ, ಸ್ತ್ರೀ ಶಿಕ್ಷಣವನ್ನು ಕುರಿತೋ, ತಪ್ಪಿದರೆ ಬೇಲೂರಿನ ಪ್ರವಾಸವನ್ನು ಕುರಿತೋ ಬರೆಯಬೇಕಲ್ಲದೆ ಟೈರನ್ನು ಕುರಿತು ಬರೆಯುವುದೆಂದರೇನು? ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ಕಳೆದ ಯುಗಾದಿಯಿಂದ ಮಳೆಗಾಲದವರೆಗೆ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ, ಎದ್ದಾಗ, ದನ ಕಟ್ಟುವಾಗ ನಡೆದ ಚರ್ಚೆ ಇದೊಂದೇ. ಅದರಲ್ಲಿ ನಾನು ವಹಿಸಿದ ಪಾತ್ರಕ್ಕಾಗಿ ಈವರೆಗೂ ಬೈಸಿಕೊಳ್ಳುತ್ತಿರುವವನಾದುದರಿಂದ, ನನ್ನ ಪಕ್ಷವನ್ನು ತಿಳಿದವರ ಮುಂದೆ ಒಮ್ಮೆ ಇಟ್ಟುಬಿಡುವುದು ಒಳ್ಳೆಯದೆಂದು ತೋರಿತು.

ನಮ್ಮದು ಗೊರೂರು. ಅಣ್ಣನಿಗೆ ಒಂದು ಪಿಕಪ್ ಇದೆ. ಸಾಲದ ಕಂತು ಇನ್ನೂ ಮುಗಿದಿಲ್ಲವಾದುದರಿಂದ ಅರ್ಧ ಅಣ್ಣನದು, ಅರ್ಧ ಬ್ಯಾಂಕಿನದು ಎಂದರೆ ಸತ್ಯಕ್ಕೆ ಹತ್ತಿರ. ಆಲೂಗೆಡ್ಡೆಯ ಕಾಲದಲ್ಲಿ ಆಲೂಗೆಡ್ಡೆ, ಶುಂಠಿಯ ಕಾಲದಲ್ಲಿ ಶುಂಠಿ, ಉಳಿದ ದಿನಗಳಲ್ಲಿ ಸಿಮೆಂಟು, ಹಿಂಡಿ, ಮದುವೆಯ ಪಾತ್ರೆ, ಅರಕಲಗೂಡಿನ ಕಡೆಯ ತಂಬಾಕು, ಹೀಗೆ ಅದು ಹೊರದ ಹೊರೆಯಿಲ್ಲ. ಅದರ ನಾಲ್ಕು ಟೈರುಗಳೂ ಸವೆದು ಬೋಳಾದವು. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಬದಲಾಯಿಸಲೇಬೇಕೆಂದು ನಿಯಮ. ಅಣ್ಣನ ಟೈರುಗಳಲ್ಲಿ ಗೆರೆಯಿತ್ತೆಂಬುದಕ್ಕೆ ಅವನ ನೆನಪೊಂದೇ ಸಾಕ್ಷಿಯಾಗಿ ಉಳಿದಿತ್ತು. ಹೊಸದು ಕೊಳ್ಳುವುದು ಅನಿವಾರ್ಯವಾಯಿತು. ಇಷ್ಟರಲ್ಲಿ ಜಗಳವೇನೂ ಇರಲಿಲ್ಲ.

ಜಗಳ ಬಂದದ್ದು ಮೊಬೈಲ್ ಫೋನಿನಿಂದ. ಅಣ್ಣ ರಾತ್ರಿ ಹೊತ್ತು ಅಮೆರಿಕಾ ದೇಶದ ಪಿಕಪ್ಪುಗಳ ಚಿತ್ರಗಳನ್ನು ನೋಡುತ್ತಾನೆ. ಅವುಗಳ ಗಾಲಿಗಳೋ ನಮ್ಮೂರ ತೇರಿನ ಗಾಲಿಗೆ ಸವಾಲು ಹಾಕುವಂಥವು. ಹೊಳೆಯುವ ಅಲಾಯ್ ರಿಮ್ಮು, ಅದರ ಸುತ್ತ ಬಳೆಯಂತೆ ತೆಳುವಾದ ನುಣುಪು ಟೈರು. ನಮ್ಮೂರಿನವರೇ ಆದ ರಾಮಸ್ವಾಮಿ ಅಯ್ಯಂಗಾರ್ಯರಿಗೆ 1980ರಲ್ಲಿ ‘ಅಮೆರಿಕಾದಲ್ಲಿ ಗೊರೂರು’ ಎಂಬ ಪುಸ್ತಕಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ವಿಷಯ ಎಲ್ಲರಿಗೂ ತಿಳಿದದ್ದೇ. ಈಗ ನಡೆಯುತ್ತಿರುವುದು ಗೊರೂರಿನಲ್ಲಿ ಅಮೆರಿಕಾ. ಅವರು 1991ರಲ್ಲಿ ತೀರಿಕೊಂಡರು. ಇದ್ದಿದ್ದರೆ ನಮ್ಮಣ್ಣನನ್ನು ಒಂದು ಪ್ರಬಂಧದಲ್ಲಿ ಕೂರಿಸದೆ ಬಿಡುತ್ತಿರಲಿಲ್ಲ.

ಹಾಸನದ ಒಂದು ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯವನು ಎರಡು ದಾರಿ ತೋರಿಸಿದ. ಒಂದು, 15 ಇಂಚಿನ ಹಳೆಯ ಡಿಸ್ಕುಗಳನ್ನು ಬಿಸಾಡಿ 17 ಇಂಚಿನ ಅಲಾಯ್ ಹಾಕಿ, ಅದರ ಮೇಲೆ ಕಾರಿಗೆ ಹಾಕುವ ರಸ್ತೆ ಟೈರು ಹಾಕುವುದು. ಇನ್ನೊಂದು, ಡಿಸ್ಕು ಹಾಗೇ ಇಟ್ಟುಕೊಂಡು ಒಂದಳತೆ ದೊಡ್ಡ ಟೈರು ಹಾಕುವುದು. ಮೊದಲನೆಯದಕ್ಕೆ ಎಪ್ಪತ್ತು ಸಾವಿರದ ಹತ್ತಿರ ಬೆಲೆ ಹೇಳಿದ. ಅಣ್ಣ ಅಲ್ಲಿಯೇ ಒಪ್ಪಿಕೊಂಡ. ಎಪ್ಪತ್ತು ಸಾವಿರ ಎಲ್ಲಿಂದ? ಅವ್ವ ಕೂಗಲಿರುವ ಚೀಟಿಯಿಂದ. ಆ ಚೀಟಿ ತಂಗಿಯ ನರ್ಸಿಂಗ್ ಓದಿನ ಫೀಸಿಗೆಂದು ಅವ್ವ ಎರಡು ವರ್ಷ ಶುಂಠಿ ಕಿತ್ತು ಕಟ್ಟಿದ್ದು. ಆದುದರಿಂದ ಈ ವಿಷಯದಲ್ಲಿ ನಾನು ಬಾಯಿ ಹಾಕಿದ್ದನ್ನು ಅಧಿಕಪ್ರಸಂಗವೆಂದು ತಿಳಿಯಬಾರದಾಗಿ ಬೇಡುತ್ತೇನೆ.

ದೊಡ್ಡ ಗಾಲಿಯ ಆಸೆ ಹುಚ್ಚಲ್ಲ. ಅದಕ್ಕೆ ನ್ಯಾಯವಿದೆ ಎಂಬುದನ್ನು ನಾನು ಮೊದಲೇ ಒಪ್ಪುತ್ತೇನೆ. ಹೇಮಾವತಿಗೆ ನಮ್ಮೂರಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ತಾತ ಕಲ್ಲು ಹೊಡೆದದ್ದು ಮರದ ಗಾಲಿಯ ಎತ್ತಿನ ಗಾಡಿಯಲ್ಲಿ. ಅದರ ಒಂದು ಗಾಲಿ ಈಗಲೂ ನಮ್ಮ ಕೊಟ್ಟಿಗೆಯ ಗೋಡೆಗೆ ಒರಗಿದೆ. ಗುಂಬ ಬಿರಿದಿದೆ, ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆ. ಎತ್ತರ ನನ್ನ ಎದೆಯ ಮಟ್ಟ, ಅಂದರೆ ಐದು ಅಡಿಗೆ ಸ್ವಲ್ಪ ಕಡಿಮೆ. ಅಷ್ಟು ದೊಡ್ಡದನ್ನು ಬಡಗಿ ಸುಮ್ಮನೆ ಮಾಡಿರಲಾರ. ವಿಜ್ಞಾನ ಕಾಲೇಜಿನಲ್ಲಿ ಓದುವ ಮಿತ್ರನೊಬ್ಬನನ್ನು ಕೇಳಿದೆ. ಅವನು ಕಾಗದದ ಮೇಲೆ ಗೀಟು ಎಳೆದು ತೋರಿಸಿದ್ದು ಹೀಗೆ: ದಾರಿಯಲ್ಲಿ 10 ಸೆಂಟಿಮೀಟರು ಎತ್ತರದ ಕಲ್ಲು ಅಡ್ಡ ಬಂತೆನ್ನಿ. 150 ಸೆಂಟಿಮೀಟರು ಎತ್ತರದ ಗಟ್ಟಿ ಗಾಲಿಯನ್ನು ಅದರ ಮೇಲೆ ಹತ್ತಿಸಲು, ಗಾಲಿಯ ಮೇಲಿನ ಭಾರ ನೂರಾದರೆ ಐವತ್ತೆಂಟರಷ್ಟು ಎಳೆತ ಸಾಕು. 70 ಸೆಂಟಿಮೀಟರಿನ ಗಟ್ಟಿ ಗಾಲಿಯಾದರೆ ತೊಂಬತ್ತೆಂಟು ಬೇಕು. ಗಾಲಿ ಚಿಕ್ಕದಾದಷ್ಟೂ ಕಲ್ಲು ಗೋಡೆಯಾಗುತ್ತದೆ. ತಾತನಿಗೆ ಈ ಲೆಕ್ಕ ಬರುತ್ತಿರಲಿಲ್ಲ. ಎತ್ತಿನ ಬೆನ್ನು ನೋಡಿ ತಿಳಿದುಕೊಂಡಿದ್ದ.

ಹಾಗಾದರೆ ಟೈರುಗಾಡಿ ಬಂದಾಗ ಜನ ಯಾಕೆ ಗಿಡ್ಡ ಗಾಲಿಯನ್ನು ಒಪ್ಪಿಕೊಂಡರು? ಇಲ್ಲಿಯೇ ನನ್ನ ವಾದದ ಗುಂಬವಿರುವುದು. ಗಾಳಿ ತುಂಬಿದ ಟೈರಿಗೆ 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬಾತ ಹಕ್ಕುಪತ್ರ ಪಡೆದಿದ್ದ. ಆದರೆ ಅದು ಬಳಕೆಗೆ ಬರದೆ ಮರೆತುಹೋಗಿ, 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಹುಡುಕಿದ. ಪಶುವೈದ್ಯನೆಂಬುದು ನನಗೆ ಹಿತವಾದ ಸಂಗತಿ. ಎತ್ತಿನ ಹೆಗಲನ್ನು ನಮ್ಮ ನಾಡಿನಲ್ಲಿ ಕೊನೆಗೆ ಉಳಿಸಿದ್ದು ಅವನ ಆ ರಬ್ಬರಿನ ಕೊಳವೆಯೇ. ಗಾಳಿಯ ಟೈರು ಕಲ್ಲಿನ ಮೇಲೆ ಹತ್ತುವುದಿಲ್ಲ. ಕಲ್ಲನ್ನು ಹೊಟ್ಟೆಯೊಳಕ್ಕೆ ತೆಗೆದುಕೊಂಡು ದಾಟಿಬಿಡುತ್ತದೆ. ಗಾಲಿಯ ಎತ್ತರ ಮಾಡುತ್ತಿದ್ದ ಕೆಲಸವನ್ನು ಗಾಳಿ ವಹಿಸಿಕೊಂಡಿತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ದೊಡ್ಡ ದೊಡ್ಡ ಕಾರ್ಖಾನೆಗಳ ವಿಚಾರ ಬಿಟ್ಟು ಎತ್ತಿನ ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ತಲೆ ಕೊಟ್ಟವರು. ಗಾಲಿಯ ವಿಚಾರ ವಿದ್ಯಾವಂತರಿಗೆ ತಕ್ಕದ್ದಲ್ಲವೆನ್ನುವವರು ಅವರನ್ನು ನೆನೆಯಬಹುದು.

ಈಗ ಅಣ್ಣನ 17 ಇಂಚಿಗೆ ಬರೋಣ. ಟೈರಿನ ಮೈಮೇಲೆ ಬರೆದ ಅಂಕಿಗಳನ್ನು ನಾವು ದಿನವೂ ನೋಡುತ್ತೇವೆ, ಓದುವುದಿಲ್ಲ. ನಮ್ಮ ಪಿಕಪ್ಪಿನ ಟೈರಿನ ಮೇಲಿದ್ದದ್ದು 215/75 ಆರ್ 15. ಟೈರಿನ ಅಗಲ 215 ಮಿಲಿಮೀಟರು. ಅದರ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಅಂದರೆ 161 ಮಿಲಿಮೀಟರು. ಒಳಗಿನ ರಿಮ್ಮು 15 ಇಂಚು. ‘ಆರ್’ ಎಂದರೆ ರೇಡಿಯಲ್. ಎಲ್ಲ ಕೂಡಿಸಿದರೆ ಗಾಲಿಯ ಒಟ್ಟು ಎತ್ತರ ಸುಮಾರು 703 ಮಿಲಿಮೀಟರು. ಅಂಗಡಿಯವನು ತೋರಿಸಿದ್ದು 225/60 ಆರ್ 17. ಮೇಲಿನಂತೆಯೇ ಲೆಕ್ಕ ಹಾಕಿದರೆ ಅದರ ಒಟ್ಟು ಎತ್ತರ ಸುಮಾರು 702 ಮಿಲಿಮೀಟರು! ಎಪ್ಪತ್ತು ಸಾವಿರ ಕೊಟ್ಟು ತರುವ ದೊಡ್ಡ ಗಾಲಿ ಒಂದು ಮಿಲಿಮೀಟರು ಗಿಡ್ಡ. ಬೆಳೆದದ್ದು ಲೋಹ, ಕರಗಿದ್ದು ಗಾಳಿ. ಗೋಡೆ 161ರಿಂದ 135ಕ್ಕೆ ಇಳಿಯಿತು. ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ಗಾಳಿಯಲ್ಲಿ ಒಂದಿಂಚು ಹೋಯಿತು. ತಾತನ ಗಾಲಿಗೆ ಎತ್ತರವಿತ್ತು, ಟೈರುಗಾಡಿಗೆ ಗಾಳಿಯಿತ್ತು. ಇದಕ್ಕೆ ಅದೂ ಇಲ್ಲ, ಇದೂ ಇಲ್ಲ. ಇದನ್ನು ಅಣ್ಣನಿಗೆ ಹೇಳಿದಾಗ ಅವನು, “ಲೋ, ನೀನು ಬಿ.ಎ. ಓದೋದು ಬಿಟ್ಟು ಟೈರಂಗಡಿ ಇಡೋ, ವ್ಯಾಪಾರ ಚೆನ್ನಾಗಾಗ್ತದೆ” ಎಂದ.

ನಮ್ಮ ರಸ್ತೆಯ ಹಂಪುಗಳನ್ನು ಕಂಡವರಿಗೆ ಆ ಒಂದಿಂಚಿನ ಬೆಲೆ ಗೊತ್ತು. ಊರಿನಲ್ಲಿ ಮನೆಗೊಬ್ಬ ಮಗನಿರುವಂತೆ ಮನೆಗೊಂದು ಹಂಪು ಇರುವ ಕಾಲವಿದು. ಬಳಿದ ಬಿಳಿಯ ಬಣ್ಣ ಒಂದು ಮಳೆಗೆ ತೊಳೆದುಹೋಗುತ್ತದೆ. ಅಣ್ಣನ ಸ್ನೇಹಿತನೊಬ್ಬ ಕಳೆದ ವರ್ಷ ಇದೇ ಬಗೆಯ ಅಲಾಯ್ ಹಾಕಿಸಿಕೊಂಡು ಒಂದು ರಾತ್ರಿ ಶುಂಠಿ ತುಂಬಿಕೊಂಡು ಬರುವಾಗ ಗುಂಡಿಗೆ ಇಳಿದ. ಕಬ್ಬಿಣದ ಡಿಸ್ಕಾಗಿದ್ದರೆ ನೆಗ್ಗುತ್ತಿತ್ತು, ಸುತ್ತಿಗೆಯಿಂದ ಬಡಿದು ಊರು ಸೇರಬಹುದಿತ್ತು. ಅಲಾಯ್ ನೆಗ್ಗಲಿಲ್ಲ, ಸೀಳಿತು. ಬೆಳಗಿನವರೆಗೆ ಶುಂಠಿ ಕಾಯುತ್ತ ಕುಳಿತ.

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೊಂದು ಅಂಕಿ. ಅಳತೆಯ ಪಕ್ಕದಲ್ಲಿ ಚಿಕ್ಕದಾಗಿ ಇನ್ನೊಂದು ಸಂಖ್ಯೆಯಿರುತ್ತದೆ. ಅದು ಆ ಟೈರು ಹೊರಬಲ್ಲ ಭಾರದ ಸೂಚಿ. 99 ಎಂದರೆ 775 ಕಿಲೋ, 106 ಎಂದರೆ 950 ಕಿಲೋ ಎಂದು ಲೋಕದಲ್ಲೆಲ್ಲ ಒಂದೇ ಪಟ್ಟಿ. ನಮ್ಮ ಹಳೆಯ ಟೈರಿನ ಮೇಲೆ 106 ಇತ್ತು, ‘8 ಪಿ.ಆರ್.’ ಎಂಬ ಲಾರಿಜಾತಿಯ ಗುರುತೂ ಇತ್ತು. ಅಂಗಡಿಯಲ್ಲಿದ್ದ ಆ ಚೆಲುವಾದ ರಸ್ತೆ ಟೈರಿನ ಮೇಲೆ 99. ಹೊರೆ ತುಂಬಿದಾಗ ನಮ್ಮ ಗಾಡಿಯ ಹಿಂದಿನ ಅಚ್ಚಿನ ಮೇಲೆ 1,800 ಕಿಲೋ ಬೀಳುತ್ತದೆಂದು ಇಟ್ಟುಕೊಳ್ಳಿ. ಹಳೆಯ ಟೈರು ಎರಡೂ ಸೇರಿ 1,900 ಹೊರುತ್ತವೆ. ಹೊಸವು ಎರಡೂ ಸೇರಿ 1,550. ಕೊರತೆ 250 ಕಿಲೋ, ಅಂದರೆ ಐದು ಮೂಟೆ ಆಲೂಗೆಡ್ಡೆ. ಆ ಐದು ಮೂಟೆಯನ್ನು ಅಣ್ಣ ಇಳಿಸುತ್ತಾನೆಯೇ? ಇಳಿಸುವುದಿರಲಿ, ಮೇಲೆ ಇನ್ನೆರಡು ಹಾಕುತ್ತಾನೆ. ಕಾರಿನ ಟೈರಿಗೆ 32, 33 ಪೌಂಡು ಗಾಳಿ ಹಿಡಿಸುತ್ತಾರೆ. ಹೊರೆ ಹೊತ್ತ ಪಿಕಪ್ಪಿನ ಹಿಂದಿನ ಟೈರಿಗೆ 50 ದಾಟುತ್ತದೆ. ಕಡಿಮೆ ಗಾಳಿಯಲ್ಲಿ ಹೆಚ್ಚು ಭಾರ ಹೊತ್ತ ಟೈರಿನ ಗೋಡೆ ಸುತ್ತುಸುತ್ತಿಗೂ ಬಾಗಿ ಬಾಗಿ ಕಾಯುತ್ತದೆ, ಕಾದ ರಬ್ಬರು ಒಳಗಿನ ಎಳೆಗಳಿಂದ ಬಿಡುತ್ತದೆ. ಒಂದು ಮಧ್ಯಾಹ್ನ, ವೇಗವಾಗಿ ಹೋಗುತ್ತಿರುವಾಗ, ಸಿಡಿಯುತ್ತದೆ.

ಆಗ ಹಿಂದೆ ಮೂಟೆಗಳೇ ಇರಬೇಕೆಂದೇನಿಲ್ಲ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. ಶುಂಠಿ ಕೀಳುವ ಕಾಲದಲ್ಲಿ ಬೆಳಗಿನ ಆರು ಗಂಟೆಗೆ ನಮ್ಮ ಕಡೆಯ ಯಾವ ರಸ್ತೆಯಲ್ಲಿ ನಿಂತರೂ ಪಿಕಪ್ಪಿನ ಹಿಂದೆ ನಿಂತು ಹೋಗುವ ಹೆಂಗಸರು ಕಾಣುತ್ತಾರೆ. ಬುತ್ತಿಯ ಚೀಲ ಕೈಯಲ್ಲಿ, ಸೆರಗು ತಲೆಯ ಮೇಲೆ. ಸರಕಿನ ಗಾಡಿಯಲ್ಲಿ ಜನ ತುಂಬುವುದು ಕಾನೂನಿಗೆ ವಿರುದ್ಧ. ಅಣ್ಣನೂ ತುಂಬಿದ್ದಾನೆ. ಎಷ್ಟೋ ದಿನ ಆ ಹೆಂಗಸರ ನಡುವೆ ನಮ್ಮ ಅವ್ವನೂ ನಿಂತಿದ್ದಾಳೆ. ಆಕೆ ಆ ಕೂಲಿಯಲ್ಲಿ ಕಟ್ಟಿದ ಚೀಟಿಯಿಂದಲೇ ಆಕೆಯ ಕೆಳಗಿನ ಟೈರು ದುರ್ಬಲವಾಗುವುದೆಂದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಮಾತನ್ನು ಅಣ್ಣನ ಮುಂದೆ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಎದ್ದು ಹೊರಗೆ ಹೋಗಿ ಗಾಡಿ ತೊಳೆದ.

ಅಮೆರಿಕಾದವರಿಗೆ ಹೇಗೆ ನಡೆಯುತ್ತದೆ ಎಂದು ಕೇಳಬಹುದು. ಅಲ್ಲಿ ಪಿಕಪ್ಪು ಬಹುಮಟ್ಟಿಗೆ ಸಂಸಾರದ ಗಾಡಿ. ಗಂಡ ಹೆಂಡತಿ ಪೇಟೆಗೆ ಹೋಗಿ ಬರುತ್ತಾರೆ. ಹಿಂದಿನ ತೊಟ್ಟಿ ಎಷ್ಟೋ ದಿನ ಖಾಲಿ. ರಸ್ತೆ ಅಗಲ, ನುಣುಪು. ಖಾಲಿ ಗಾಡಿಗೆ ನುಣುಪು ರಸ್ತೆಯಲ್ಲಿ ದೊಡ್ಡ ರಿಮ್ಮು, ತೆಳು ಟೈರು ಹಾಕಿದರೆ ತಿರುವಿನಲ್ಲಿ ಗಾಡಿ ಬಿಗಿಯಾಗಿ ನಿಲ್ಲುತ್ತದೆ, ತೂರಾಡುವುದಿಲ್ಲ. ಅದು ಅವರಿಗೆ ಸರಿ. ಟೈರನ್ನು ಆರಿಸಬೇಕಾದದ್ದು ಹೊರೆ ಮತ್ತು ದಾರಿ, ಕಣ್ಣಲ್ಲ.

ಕಾನೂನಿನ ವಿಚಾರ ಎರಡೇ ಮಾತಿನಲ್ಲಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡವೋ ಆರು ತಿಂಗಳವರೆಗಿನ ಸೆರೆಯೋ ಎರಡೂ ಸೇರಿಯೋ ಎಂದು ಸೇರಿಸಿದ್ದಾರೆ. ಕಂಪೆನಿಯವರೇ ಆ ಮಾದರಿಗೆ ಒಪ್ಪಿರುವ ಬೇರೆ ಅಳತೆಗಳಿದ್ದರೆ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಅದರೊಳಗಿದ್ದರೆ ಚಿಂತೆಯಿಲ್ಲ. ನಮ್ಮ ಕಾಲೇಜಿನ ಅಂಗಳದಲ್ಲಿ ನಿಲ್ಲುವ ಕೆಲವು ಮೋಟಾರು ಸೈಕಲ್ಲುಗಳ ಹಿಂದಿನ ಟೈರುಗಳು ಯಾವ ಕೈಪಿಡಿಯಲ್ಲಿವೆಯೋ ಅವುಗಳ ಒಡೆಯರೇ ಹೇಳಬೇಕು.

17 ಇಂಚಿನ ಆಸೆ ಹೀಗೆ ಮುರಿದ ಮೇಲೆ ಅಣ್ಣ ಎರಡನೆಯ ದಾರಿಗೆ ಬಂದ: ಅದೇ ಡಿಸ್ಕಿಗೆ 235/75 ಆರ್ 15. ಇದು ನಿಜವಾಗಿಯೂ ದೊಡ್ಡ ಗಾಲಿ. ಎತ್ತರ 733 ಮಿಲಿಮೀಟರು, ಮೂರು ಸೆಂಟಿಮೀಟರು ಹೆಚ್ಚು. ಗಾಳಿಯೂ ಹೆಚ್ಚು. ಇದಕ್ಕೆ ನಾನು ಪೂರ್ತಿ ವಿರೋಧಿಯಾಗಿರಲಿಲ್ಲ. ಆದರೆ ವಿಜ್ಞಾನದ ಮಿತ್ರನ ಹಳೆಯ ಕಾಗದವನ್ನೇ ತೆಗೆದು ನೋಡಿದಾಗ, ಅದೇ 10 ಸೆಂಟಿಮೀಟರಿನ ಕಲ್ಲನ್ನು ಹತ್ತಲು ಇದರಿಂದಾಗುವ ಉಳಿತಾಯ ನೂರಕ್ಕೆ ಮೂರರಷ್ಟು. ಅದಕ್ಕೆ ಪ್ರತಿಯಾಗಿ ಗಾಲಿ ನೂರಕ್ಕೆ ನಾಲ್ಕರಷ್ಟು ದೊಡ್ಡದಾದುದರಿಂದ ಎಂಜಿನಿನ ಎಳೆತ ಏರಿನಲ್ಲಿ ಅಷ್ಟು ಕುಗ್ಗುತ್ತದೆ. ಶಿರಾಡಿಯ ಘಟ್ಟದಲ್ಲಿ ಹೊರೆ ಹೊತ್ತು ಹತ್ತುವಾಗ ಒಂದು ಗೇರು ಕೆಳಗಿಳಿಯಬೇಕು. ಬ್ರೇಕಿಗೂ ಅಷ್ಟೇ ಹೆಚ್ಚು ಕೆಲಸ. ತಿರುವಿನಲ್ಲಿ ಟೈರು ಮಡ್ಗಾರ್ಡಿಗೆ ಉಜ್ಜುವ ಸಂಭವ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಇಷ್ಟೆಲ್ಲ ಹೇಳಿದರೂ ಅಣ್ಣ ಜಗ್ಗಲಿಲ್ಲ. ಕೊನೆಗೆ ಅವನನ್ನು ಜಗ್ಗಿಸಿದ್ದು ಏನೆಂದು ಹೇಳಿದರೆ ಅರ್ಥಶಾಸ್ತ್ರದ ಅಧ್ಯಾಪಕರಿಗೆ ಸಂತೋಷವಾದೀತು. ಗಾಡಿ ಎಷ್ಟು ದೂರ ಹೋಯಿತೆಂದು ತೋರಿಸುವ ಮೀಟರು ಎಣಿಸುವುದು ಗಾಲಿಯ ಸುತ್ತುಗಳನ್ನು. ಗಾಲಿ ದೊಡ್ಡದಾದರೆ ಅದೇ ದೂರಕ್ಕೆ ಸುತ್ತು ಕಡಿಮೆ. ಗೊರೂರಿನಿಂದ ಬೆಂಗಳೂರಿಗೆ ತರಕಾರಿ ಹಾಕಿ ಬರುವ ದಾರಿ ಎರಡೂ ಕಡೆ ಸೇರಿ ಸುಮಾರು 400 ಕಿಲೋಮೀಟರು. ಮೀಟರು ತೋರಿಸುವುದು 384. ಅಣ್ಣ ಬಾಡಿಗೆ ಹಿಡಿಯುವುದು ಕಿಲೋಮೀಟರಿಗೆ ಇಷ್ಟೆಂದು. “ಅಂದ್ರೆ ಒಂದು ಸಲಕ್ಕೆ ಹದಿನಾರು ಕಿಲೋಮೀಟ್ರು ಪುಕ್ಕಟೆ ಓಡಿಸ್ಬೇಕಾ?” ಎಂದು ಕೇಳಿದ. ಹೌದೆಂದೆ. ವೇಗದ ಮುಳ್ಳೂ 60 ತೋರಿಸುವಾಗ ಗಾಡಿ 62 ದಾಟಿರುತ್ತದೆ ಎಂದೂ ಸೇರಿಸಿದೆ; ಅದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನಾರು ಕಿಲೋಮೀಟರು ಸಾಕಾಗಿತ್ತು.

ಉಳಿದದ್ದು ರಸ್ತೆ ಟೈರಿನ ಪ್ರಶ್ನೆ. ಇದರಲ್ಲಿ ನಾನು ಅಣ್ಣನ ಪಕ್ಷ. ನಮ್ಮ ಕಡೆ ಸರಕಿನ ಗಾಡಿಯವರಿಗೆ ಉದ್ದುದ್ದ ಗೆರೆಯ ಟೈರು ‘ರಿಬ್’, ಅಡ್ಡಡ್ಡ ದಪ್ಪ ಗಟ್ಟಿನ ಟೈರು ‘ಲಗ್’. ಲಾರಿಯವರು ಮುಂದೆ ರಿಬ್, ಹಿಂದೆ ಲಗ್ ಹಾಕುವುದು ಹಳೆಯ ಪದ್ಧತಿ; ಮುಂದಿನದು ದಾರಿ ಹಿಡಿಯಬೇಕು, ಹಿಂದಿನದು ನೆಲ ಕಚ್ಚಬೇಕು. ಅಣ್ಣ ನಾಲ್ಕಕ್ಕೂ ಲಗ್ ಹಾಕಿಕೊಂಡು ಇಷ್ಟು ವರ್ಷ ಡಾಂಬರಿನ ಮೇಲೆ ಗೊರಗೊರನೆ ಹೋಗುತ್ತಿದ್ದ. ಅವನ ಬಾಡಿಗೆಯ ಪುಸ್ತಕ ತೆರೆದು ನೋಡಿದೆ. ಹತ್ತು ದಿನದಲ್ಲಿ ಎಂಟು ದಿನ ಗಾಡಿ ಡಾಂಬರು ಬಿಟ್ಟು ಇಳಿದೇ ಇಲ್ಲ. ನೆನೆದ ಡಾಂಬರಿನ ಮೇಲೆ ಬ್ರೇಕು ಹಿಡಿದಾಗ ಟೈರಿನಡಿಯ ನೀರು ಹೊರಹೋಗಲು ಕಾಲುವೆ ಬೇಕು, ರಬ್ಬರು ನೆಲಕ್ಕೆ ಹೆಚ್ಚು ತಗಲಬೇಕು. ಆ ಕೆಲಸಕ್ಕೆ ರಸ್ತೆ ಟೈರೇ ಮೇಲು. ಡೀಸೆಲೂ ಸ್ವಲ್ಪ ಉಳಿಯುತ್ತದೆ. ಸಕಲೇಶಪುರದ ಆಚೆಯ ಮಳೆಯಲ್ಲಿ ಗಾಡಿ ಓಡಿಸುವ ಮಗನ ತಾಯಿಗೆ ಅದು ಸಣ್ಣ ವಿಷಯವಲ್ಲ.

ಹೀಗೆ ಹಳೆಯ ಡಿಸ್ಕು, ಹಳೆಯ ಅಳತೆ, 106ರ ಗುರುತಿನ ಲಾರಿಜಾತಿಯ ರಸ್ತೆ ಟೈರು ನಾಲ್ಕು ಎಂದು ತೀರ್ಮಾನವಾಯಿತು. ಕೊಳ್ಳುವ ದಿನ ಇನ್ನೊಂದು ಪಾಠ ಕಲಿತೆ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಯ ಗುರುತೊಂದಿರುತ್ತದೆ. ಮೊದಲೆರಡು ವಾರ, ಉಳಿದೆರಡು ವರ್ಷ. 2321 ಎಂದಿದ್ದರೆ 2021ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯವನು ಒರೆಸಿ ಹೊಳಪು ಬಳಿದು ತಂದಿಟ್ಟ ನಾಲ್ಕರಲ್ಲಿ ಎರಡು ಮೂರು ವರ್ಷ ಗೋದಾಮಿನಲ್ಲಿ ಮಲಗಿ ಎದ್ದವು. ತೋರಿಸಿದೆ, ಬದಲಾಯಿಸಿ ಕೊಟ್ಟ. ಅಣ್ಣ ನನ್ನನ್ನು ಮೊದಲ ಸಲ ಮರ್ಯಾದೆಯಿಂದ ನೋಡಿದ. ಚೀಟಿ ತಂಗಿಗೆ ಹೋಯಿತು.

ಆಗಸ್ಟ್ ತಿಂಗಳಲ್ಲಿ ಆಲೂಗೆಡ್ಡೆ ಅಗೆತ ಬಂತು. ಮೂರು ದಿನ ಬಿಡದೆ ಸುರಿದ ಮಳೆ. ಕೆಂಪು ನೆಲ ಹಲ್ವದಂತಾಗಿತ್ತು. ಹೊಲದ ನಡುವೆ ನಲವತ್ತು ಮೂಟೆ ಕಾಯುತ್ತಿದ್ದವು. ರಸ್ತೆ ಟೈರಿನ ತೆಳು ಗೆರೆಗಳು ಹತ್ತು ಮಾರು ಹೋಗುವಷ್ಟರಲ್ಲಿ ಕೆಸರು ತುಂಬಿ ಕುಂಬಾರನ ಮಡಕೆಯಂತೆ ನುಣುಪಾದವು. ಗಾಲಿ ಇದ್ದಲ್ಲಿಯೇ ತಿರುಗಿ ಅಚ್ಚಿನವರೆಗೆ ಇಳಿಯಿತು. ಮಳೆಯ ತಿಂಗಳು ಮಾತ್ರ ಹಿಂದಿನ ಎರಡಕ್ಕೆ ಲಗ್ ಹಾಕಿಕೊಳ್ಳಬೇಕೆಂದು ನನಗೆ ಹೊಳೆದದ್ದು ಆಗ, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಗಾಡಿ ತಳ್ಳುತ್ತಿರುವಾಗ. ಪಕ್ಕದ ಹೊಲದವರ ಟ್ರ್ಯಾಕ್ಟರು ತರಿಸಿ ಎಳೆಸಿದೆವು. ಎಳೆದ ಕೂಲಿ ಎಂಟು ನೂರು ರೂಪಾಯಿ. “ಅರ್ಧ ನಿಂದು” ಎಂದು ಅಣ್ಣ ಬಾಡಿಗೆಯ ಪುಸ್ತಕದಲ್ಲಿ ನನ್ನ ಹೆಸರಿಗೆ ನಾನೂರು ಬರೆದುಕೊಂಡಿದ್ದಾನೆ. ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ.